ಹಳ್ಳದ ಈಚೆ ಕೇಳಿದ ಪ್ರಶ್ನೆ

ನಮ್ಮ ಅಧ್ಯಯನದ ಫಾರಂನಲ್ಲಿ ಏಳನೆಯ ಪ್ರಶ್ನೆ ಬಹಳ ಚಿಕ್ಕದು. ಬೀಡಿ, ಸಿಗರೇಟು ಅಥವಾ ಚುಟ್ಟಾ ಸೇದುತ್ತೀರಾ? ಎದುರಿಗೆ ಎರಡು ಚೌಕ, ಒಂದು ಹೌದು, ಒಂದು ಇಲ್ಲ. ಹೌದು ಎಂದವರಿಗೆ ಮುಂದೆ ಇನ್ನೂ ಒಂಬತ್ತು ಪ್ರಶ್ನೆಗಳಿದ್ದವು. ಇಲ್ಲ ಎಂದವರು ಅವನ್ನೆಲ್ಲ ದಾಟಿ ನೇರವಾಗಿ ಊಟ ಮತ್ತು ನಿದ್ದೆಯ ಪ್ರಶ್ನೆಗಳಿಗೆ ಹೋಗುತ್ತಿದ್ದರು. ಆ ಎರಡು ಚೌಕಗಳಲ್ಲಿ ಒಂದರಲ್ಲಿ ನಾನು ಹಾಕಿದ ಒಂದು ಗುರುತಿನ ಬಗ್ಗೆ ಬರೆಯಲು ಕೂತಿದ್ದೇನೆ. ಇದಕ್ಕೂ ಮೊದಲು ಎರಡು ಸಲ ಬರೆದಿದ್ದೆ. ಎರಡೂ ಸಲ ನನಗೆ ಗೊತ್ತಾಗದಂತೆ ನನ್ನನ್ನು ಸ್ವಲ್ಪ ಒಳ್ಳೆಯವಳನ್ನಾಗಿ ಮಾಡಿಕೊಂಡಿದ್ದೆ. ಈ ಸಲ ದಿನಚರಿಯನ್ನು ಪಕ್ಕದಲ್ಲೇ ತೆರೆದಿಟ್ಟುಕೊಂಡಿದ್ದೇನೆ.

ನಾನು ಬನಹಟ್ಟಿಯವಳು. ಜಮಖಂಡಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ, ವಿಶ್ವವಿದ್ಯಾಲಯಕ್ಕೆ ಹೋಗಿ, ಜೀವರಸಾಯನಶಾಸ್ತ್ರದಲ್ಲಿ ಸಂಶೋಧನೆಗೆ ಸೇರಿದೆ. ನನ್ನ ಮಾರ್ಗದರ್ಶಕರ ವಿಷಯ ಕಿಣ್ವಗಳು. ಹೊಗೆಯ ಜೊತೆ ಮೈಯೊಳಗೆ ಹೋಗುವ ವಿಷವನ್ನು ಹಿಡಿದು, ಅದರ ಹಲ್ಲು ಕಿತ್ತು, ಹೊರಗೆ ಕಳಿಸುವ ಕೆಲವು ಕಿಣ್ವಗಳು ಎಲ್ಲರಲ್ಲೂ ಇರುತ್ತವೆ. ಅವು ಚುರುಕಾಗಿದ್ದಷ್ಟೂ ಕ್ಯಾನ್ಸರಿಗೆ ದಾರಿ ಸಿಗುವುದು ಕಷ್ಟ ಎಂಬುದು ಅವರ ನಂಬಿಕೆ. ವರ್ಷಗಟ್ಟಲೆ ಸೇದಿದವರ ರಕ್ತದಲ್ಲಿ ಅವು ಎಷ್ಟು ದಣಿದಿವೆ, ಸೇದದವರಲ್ಲಿ ಎಷ್ಟು ಗಟ್ಟಿಯಾಗಿವೆ ಎಂದು ಅಳೆದು ಹೋಲಿಸುವುದು ನನ್ನ ಕೆಲಸ. ಆಸ್ಪತ್ರೆಗೆ ಬಂದ ರೋಗಿಗಳು ಬೇಡ, ದಿನಾ ಕೆಲಸಕ್ಕೆ ಹೋಗುವ ಆರೋಗ್ಯವಂತರು ಬೇಕು ಎಂದು ಕಾಲೇಜುಗಳ ಸಿಬ್ಬಂದಿಯನ್ನು ಆರಿಸಿದೆವು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. "ನಿಮ್ಮ ಕಡೆಯ ಜನ, ನಿಮ್ಮ ಭಾಷೆ. ನಿಮಗೆ ಸುಳ್ಳು ಹೇಳುವುದಿಲ್ಲ" ಎಂದು ಮಾರ್ಗದರ್ಶಕರು ನನ್ನನ್ನು ಕಳಿಸಿದರು.

ಅವರು ಹೇಳಿದ್ದು ನಿಜವೇ ಆಗಿತ್ತು. ನನಗೆ ಯಾರೂ ಸುಳ್ಳು ಹೇಳಲಿಲ್ಲ ಎಂದು ಈಗ ಅನಿಸುತ್ತದೆ.

ಬೆಳಿಗ್ಗೆ ಚಹಾ ಕುಡಿಯುವ ಮೊದಲು, ಸೇದುವವರಾದರೆ ದಿನದ ಮೊದಲ ಬೀಡಿ ಹಚ್ಚುವ ಮೊದಲು, ರಕ್ತ ತೆಗೆಯಬೇಕಿತ್ತು. ಅದಕ್ಕೆಂದೇ ತರಬೇತಿ ಪಡೆದಿದ್ದೆ. ತೆಗೆದ ರಕ್ತವನ್ನು ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ ಬಸ್ಸಿನಲ್ಲಿ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಪ್ರತಿಯೊಬ್ಬ ಸೇದುವವರಿಗೆ ಅದೇ ವಯಸ್ಸಿನ, ಅದೇ ದರ್ಜೆಯ ಒಬ್ಬ ಸೇದದವರು ಜೋಡಿಯಾಗಬೇಕು. ಲೆಕ್ಚರರುಗಳಲ್ಲಿ ಸೇದದವರು ಬೇಕಾದಷ್ಟು ಸಿಕ್ಕರು. ಐವತ್ತು ದಾಟಿದ ಅಟೆಂಡರುಗಳಲ್ಲಿ, ಕಾವಲುಗಾರರಲ್ಲಿ ಸಿಗಲಿಲ್ಲ. ಸಿಕ್ಕವರು ತಂಬಾಕು ತಿನ್ನುತ್ತಿದ್ದರು, ಅವರನ್ನು ಬಿಡಬೇಕಿತ್ತು.

ಮುಧೋಳದ ಒಂದು ಕಾಲೇಜಿನ ಆಫೀಸಿನಲ್ಲಿ ಒಬ್ಬ ಗುಮಾಸ್ತರು ಫಾರಂ ನೋಡಿ ಮೊದಲು ಕೇಳಿದ್ದೇ ಇದು.

"ಅಕ್ಕಾರ, ಈ ಕಾಗದಾ ಎಲ್ಲಿಗೆ ಹೋಗತೈತ್ರಿ?"

"ಯೂನಿವರ್ಸಿಟಿಗ್ರಿ."

"ನಮ್ಮ ಮನಿ ಕಡೆ ಹಾಯ್ದು ಹೋಗೂದಿಲ್ಲಲ್ಲ?"

"ಇಲ್ರಿ."

"ಹಂಗಾರ ಹೌದ ಅಂತ ಬರಕೋರಿ. ದಿನಕ್ಕ ಎಷ್ಟ ಅನ್ನೂದು ನೀವ ಒಂದು ಅಂದಾಜ ಹಾಕ್ರಿ. ಖರೇನ ನಾ ಎಣಿಸಿಲ್ಲ."

ಪಕ್ಕದ ಟೇಬಲ್ಲಿನವರು ಫೈಲಿನಿಂದ ತಲೆ ಎತ್ತದೆ, "ಸೂಜಿ ಚುಚ್ಚೂ ಮುಂದ ಜ್ವಾಕಿರಿ ಅಕ್ಕಾರ, ಅವನ ಕೈಯಾಗಿಂದ ರಕ್ತ ಬರೂದಿಲ್ಲ, ಹೊಗಿ ಬರತೈತಿ" ಅಂದರು.

ಅವತ್ತು ಎಲ್ಲರ ಜೊತೆ ನಾನೂ ನಕ್ಕೆ. ಎಲ್ಲಿ ಕೂತು ಕೇಳುತ್ತೇವೆ ಎನ್ನುವುದರ ಮೇಲೆ ಉತ್ತರ ನಿಂತಿರುತ್ತದೆ ಎಂದು ಆ ಗುಮಾಸ್ತರು ಸ್ಪಷ್ಟವಾಗಿಯೇ ಹೇಳಿದ್ದರು. ದಿನಚರಿಯಲ್ಲಿ ಅವರ ಮಾತನ್ನು ತಮಾಷೆ ಎಂದು ಬರೆದುಕೊಂಡಿದ್ದೇನೆ.

ಈಗ ಕಾಕಾನ ವಿಷಯಕ್ಕೆ ಬರಬೇಕು. ಅವರು ನನ್ನ ಬಂಧುವಲ್ಲ. ನಾನು ಓದಿದ ಜಮಖಂಡಿಯ ಕಾಲೇಜಿನಲ್ಲಿ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್. ಎಲ್ಲ ವಿದ್ಯಾರ್ಥಿಗಳೂ ಕಾಕಾ ಎನ್ನುತ್ತಿದ್ದರು. ಊರು ಚಿಮ್ಮಡ. ಅವರ ಮನೆತನದವರು ಹಿಂದಿನಿಂದ ಕುರಿ ಕಾಯ್ದವರು, ಈಗ ಸ್ವಲ್ಪ ಹೊಲವಿದೆ, ಮನೆದೇವರು ಬೀರಪ್ಪ. ದ್ರಾವಣ ಅಳೆಯುವ ಗಾಜಿನ ನಳಿಗೆ, ಪಿಪೆಟ್ಟನ್ನು, ಹೇಗೆ ಹಿಡಿಯಬೇಕೆಂದು ಪುಸ್ತಕದಲ್ಲಿ ಚಿತ್ರವಿತ್ತು. ಆದರೆ ನನ್ನ ಹೆಬ್ಬೆರಳನ್ನು ತೆಗೆಸಿ ತೋರುಬೆರಳನ್ನು ಇಡಿಸಿದವರು ಕಾಕಾ. "ಹೆಬ್ಬಟ್ಟ ಒತ್ತಾಕ ಇದೇನ್ ಸಾಲದ ಚೀಟಿ ಅಲ್ಲ ತಂಗಿ" ಎಂದಿದ್ದರು. ಇವತ್ತಿಗೂ ಪಿಪೆಟ್ ಹಿಡಿದಾಗ ನನ್ನ ಬೆರಳಿಗೆ ಅವರ ನೆನಪು ಬರುತ್ತದೆ. ಬೆರಳಿನ ನೆನಪನ್ನಾದರೂ ನಾನು ನಂಬುತ್ತೇನೆ.

ಮಧ್ಯಾಹ್ನದ ಪ್ರಾಕ್ಟಿಕಲ್ ನಡೆಯುವಾಗ ಎರಡು ಮೂರು ಸಲ ಅವರು ಲ್ಯಾಬಿನ ಹಿಂದಿನ ಬೇವಿನ ಮರದ ಕಡೆ ಹೋಗಿ ಬರುತ್ತಿದ್ದರು. ಬಂದಾಗ ಆಸಿಡ್ಡಿನ ವಾಸನೆಯ ಮೇಲೆ ಬೀಡಿಯ ವಾಸನೆ ಕೂರುತ್ತಿತ್ತು. ಕೊನೆಯ ವರ್ಷ, ಬ್ಯುರೆಟ್ ತೊಳೆಯುತ್ತ ನಿಂತಿದ್ದಾಗ, ಯಾಕೋ ಅವರೇ ಆ ಕತೆ ಹೇಳಿದರು. ಮಗಳು ಚಿಕ್ಕವಳಿದ್ದಾಗ ಜ್ವರ ಬಂದು ಇಳಿಯಲಿಲ್ಲವಂತೆ. ಹೆಂಡತಿ ಇವರನ್ನು ಬೀರಪ್ಪನ ಗುಡಿಗೆ ಎಳೆದುಕೊಂಡು ಹೋಗಿ, ಭಂಡಾರ ಮುಟ್ಟಿಸಿ, ಇನ್ನು ಬೀಡಿ ಸೇದುವುದಿಲ್ಲ ಎಂದು ಆಣೆ ಮಾಡಿಸಿದರಂತೆ. ಭಂಡಾರವೆಂದರೆ ದೇವರ ಮೇಲಿನ ಅರಿಶಿನದ ಪುಡಿ. ಅದನ್ನು ಮುಟ್ಟಿ ಆಡಿದ ಮಾತನ್ನು ಆ ಮನೆತನಗಳಲ್ಲಿ ಯಾರೂ ಮುರಿಯುವುದಿಲ್ಲ.

"ಮತ್ತ ದಿನಾ ಸೇದತೀರಲ್ರಿ ಕಾಕಾ?" ಎಂದೆ.

"ಎಲ್ಲಿ ಸೇದತೇನಿ? ಚಿಮ್ಮಡದಾಗ ಸೇದತೇನೇನು? ಊರ ಮುಂದ ಹಳ್ಳ ಐತಿ. ಬೀರಪ್ಪನ ಸೀಮಿ ಆ ಹಳ್ಳದ ತನಾ. ಹಳ್ಳ ದಾಟಿದ ಮ್ಯಾಲ ನಾ ಕಾಲೇಜಿನ ಮನಷ್ಯಾ. ಇಲ್ಲಿ ಪ್ರಿನ್ಸಿಪಾಲರ ಮಾತ ನಡಿತೈತಿ. ಅವರೇನ್ ನನಗ ಭಂಡಾರ ಮುಟ್ಟಿಸಿಲ್ಲ."

"ಬೀರಪ್ಪಗ ಗೊತ್ತಾಗೂದಿಲ್ಲೇನ್ರಿ?"

"ಗೊತ್ತಾಗತೈತಿ, ತಂಗಿ. ಗೊತ್ತಾದ್ರೂ ಮಂದಿ ಸೀಮಿಗೆ ಬಂದು ಕೇಳಾಂವ ಅಲ್ಲ ಅಂವಾ. ಮರ್ಯಾದಿ ಇರೂ ದೇವ್ರ."

ಕಾಕಾ ಇದನ್ನು ನಗಿಸಲು ಹೇಳಿದ್ದರು. ಆದರೆ ಬರೀ ನಗೆಗಲ್ಲ. ಹದಿನೈದು ವರ್ಷಗಳಿಂದ ಹಳ್ಳದ ಈಚೆ, ಊರಿನ ಕಡೆ, ಒಂದು ಬೀಡಿಯನ್ನೂ ಹಚ್ಚಿರಲಿಲ್ಲ. ರಜೆಯ ದಿನ, ಹಬ್ಬದ ದಿನ, ಹೊಲದಲ್ಲಿ ಒಬ್ಬರೇ ಇದ್ದಾಗಲೂ ಇಲ್ಲ. ಆಣೆಯನ್ನು ಸಡಿಲು ಮಾಡಿಕೊಂಡಿದ್ದರು, ಮುರಿದಿರಲಿಲ್ಲ.

ಸಂಶೋಧನೆಗೆಂದು ಅದೇ ಕಾಲೇಜಿಗೆ ವಾಪಸು ಹೋದಾಗ ಕಾಕಾ ನಿವೃತ್ತಿಗೆ ಹತ್ತಿರವಾಗಿದ್ದರು. ನನ್ನನ್ನು ನೋಡಿ ಎದ್ದು ನಿಂತರು. "ಬರ್ರಿ ಅಕ್ಕಾರ" ಎಂದರು. ತಂಗಿ ಹೋಗಿ ಅಕ್ಕಾರ ಆಗಿದ್ದೆ. ಬೇಡವೆಂದರೂ ಕೇಳಲಿಲ್ಲ. "ಕೋಟ ಹಾಕ್ಕೊಂಡಾವ್ರಿಗೆ ಅಕ್ಕಾರ ಅನ್ನಬೇಕ್ರಿ. ನಾಳಿ ನೀವ ನಮಗ ಮೆಮೊ ಕೊಡಾವ್ರು" ಎಂದು ನಕ್ಕರು.

ಅವರ ರಕ್ತವೂ ಬೇಕೆಂದು ಕೇಳಿದೆ. ಒಪ್ಪಿದರು. ತೊಂದರೆ ಒಂದೇ. ಅವರು ಜಮಖಂಡಿಗೆ ಬರುವ ಹೊತ್ತಿಗೆ ಚಹಾ ಆಗಿರುತ್ತಿತ್ತು, ಬೀಡಿಯೂ ಆಗಿರುತ್ತಿತ್ತು. ಹಾಗಾದರೆ ಬೆಳಿಗ್ಗೆ ನಾನೇ ಚಿಮ್ಮಡಕ್ಕೆ ಬರುತ್ತೇನೆ, ಬನಹಟ್ಟಿಯಿಂದ ಎಷ್ಟು ಮಹಾ ದೂರ, ಎಂದೆ.

"ಮನಿಗೆ ಯಾಕ ಬರತೀರಿ ಅಕ್ಕಾರ? ಒಂದಿನಾ ಉಪಾಸ ಬಂದ್ರ ಆತು. ಇಲ್ಲೇ ತಗೋರಿ."

"ನಿಮಗ್ಯಾಕ್ರಿ ತ್ರಾಸು. ನನಗೂ ಆ ಕಡೆ ಹತ್ತರ ಆಗತೈತಿ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರ್ರಿ ಹಂಗಾರ, ರೊಟ್ಟಿ ತಿಂದು ಹೋಗೂದು ಮಾತ್ರ" ಎಂದರು. ಆ ಮೌನ ನಿಜವಾಗಿಯೂ ಇತ್ತೋ, ಈಗ ನಾನು ಸೇರಿಸುತ್ತಿದ್ದೇನೋ, ಹೇಳಲಾರೆ. ಇಲ್ಲೇ ತಗೋರಿ ಎಂದದ್ದು ಮಾತ್ರ ನಿಜ. ಅದು ದಿನಚರಿಯಲ್ಲಿದೆ.

ಚಿಮ್ಮಡದ ಆ ಬೆಳಗು ನನ್ನ ನೆನಪಿನಲ್ಲಿ ಹೀಗಿದೆ. ಪಡಸಾಲೆಯಲ್ಲಿ ಕಂಬಳಿ ಹಾಸಿ ನನ್ನನ್ನು ಕೂರಿಸಿದರು. ಎದುರಿನ ಗೋಡೆಯಲ್ಲಿ ದೇವರ ಮಾಡ, ಅದರೊಳಗೆ ಭಂಡಾರದ ಚೀಲ. ಕಾಕಾನ ಹಣೆಯ ಮೇಲೆ ಆಗಷ್ಟೇ ಹಚ್ಚಿಕೊಂಡ ಭಂಡಾರ. ಅವರ ಹೆಂಡತಿ ತಂಬಿಗೆಯಲ್ಲಿ ನೀರು ತಂದಿಟ್ಟು, ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದರು. ಮೊದಲು ರಕ್ತ ತೆಗೆದೆ. ನರ ಒಂದೇ ಸಲಕ್ಕೆ ಸಿಕ್ಕಿತು. "ಕೈ ಛಲೋ ಕೂತೈತಿ" ಎಂದು ಕಾಕಾ ಮೆಚ್ಚಿದರು. ಆಮೇಲೆ ಫಾರಂ ತೆಗೆದು ಒಂದೊಂದಾಗಿ ಓದಿದೆ. ವಯಸ್ಸು, ಓದು, ಸೇವೆ, ತೂಕ. ಏಳನೆಯದನ್ನೂ ಅದೇ ದನಿಯಲ್ಲಿ ಓದಿದೆ.

ಅವರ ಹೆಂಡತಿಯೇ ಮೊದಲು ಮಾತಾಡಿದರು. "ಬೀಡಿ ಏನ್ರಿ? ಭಂಡಾರ ಮುಟ್ಟಿದ ಮ್ಯಾಲ ಈ ಮನ್ಯಾಗ ಅದರ ಹೆಸರ ಎತ್ತಿಲ್ರಿ."

ಕಾಕಾ "ಇಲ್ರಿ" ಎಂದರು. ನಾನು ಇಲ್ಲ ಎಂಬಲ್ಲಿ ಗುರುತು ಹಾಕಿದೆ. ಅವರು ಸಹಿ ಮಾಡಿದರು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಿಂದು, ಐಸ್ ಡಬ್ಬಿ ಹಿಡಿದು ಬಸ್ಸಿಗೆ ಓಡಿದೆ.

ಎರಡು ವರ್ಷ ನನ್ನಲ್ಲಿದ್ದ ನೆನಪು ಇದು. ಇದರಲ್ಲಿ ನನ್ನ ತಪ್ಪು ಸಣ್ಣದು. ಅವರು ಇಲ್ಲ ಎಂದರು, ನಾನು ಇಲ್ಲ ಎಂದು ಬರೆದೆ. ಹೇಳಿದ್ದನ್ನೇ ಬರೆಯಬೇಕೆಂಬುದು ಸಂಶೋಧನೆಯ ನಿಯಮ.

ಪ್ರಯೋಗಾಲಯದಲ್ಲಿ ಫಲಿತಾಂಶಗಳನ್ನು ಗ್ರಾಫಿನ ಮೇಲೆ ಚುಕ್ಕೆಗಳಾಗಿ ಇಟ್ಟಾಗ ಸೇದದವರ ಚುಕ್ಕೆಗಳು ಮೇಲೆ, ಸೇದುವವರವು ಬಹುಪಾಲು ಕೆಳಗೆ ಬಿದ್ದವು. ಸೇದದವರ ಸಾಲಿನಲ್ಲಿ ಒಂದೇ ಒಂದು ಚುಕ್ಕೆ ತನ್ನ ಗುಂಪು ಬಿಟ್ಟು ಕೆಳಗಿತ್ತು. ಮಾರ್ಗದರ್ಶಕರು ಅದರ ಮೇಲೆ ಪೆನ್ನಿಟ್ಟು, "ಇವರು ನಿಜವಾಗಿ ಸೇದುವುದಿಲ್ಲವೇ?" ಎಂದು ಕೇಳಿದರು.

ನಂಬರು ನೋಡಿದೆ. ಕಾಕಾನದು.

"ಇಲ್ಲ ಸರ್. ನನಗೆ ಚೆನ್ನಾಗಿ ಗೊತ್ತಿರುವವರು" ಎಂದೆ.

"ಹಾಗಾದರೆ ಹುಟ್ಟಿನಿಂದಲೇ ಕಡಿಮೆ ಇರಬಹುದು. ಕೆಲವರಲ್ಲಿ ಇರುತ್ತದೆ" ಎಂದು ಅವರು ಮುಂದಿನ ಹಾಳೆಗೆ ಹೋದರು.

ನನಗೆ ಚೆನ್ನಾಗಿ ಗೊತ್ತಿತ್ತು ಎಂಬುದು ನಿಜವೇ. ಬೇವಿನ ಮರ ಗೊತ್ತಿತ್ತು, ಹಳ್ಳ ಗೊತ್ತಿತ್ತು. ಫಾರಂ ಮುಚ್ಚಿಟ್ಟದ್ದನ್ನು ರಕ್ತ ಹೇಳಿತ್ತು. ಆ ಮಾತನ್ನು ತಳ್ಳಿಹಾಕಲು ನನ್ನ ಪರಿಚಯವನ್ನೇ ಸಾಕ್ಷಿ ಮಾಡಿದೆ. ಇದರಲ್ಲಿ ನೆನಪಿನ ತಪ್ಪು ಏನೂ ಇಲ್ಲ.

ಅಧ್ಯಯನದ ಕೊನೆಗೆ, ಸೇದುವವರಿಗಾಗಿ ಮುಧೋಳದಲ್ಲಿ ಒಂದು ದಿನದ ಬಾಯಿ ತಪಾಸಣೆ ಇಟ್ಟಿದ್ದೆವು. ದಂತವೈದ್ಯರು ಒಂದೇ ದಿನ ಬರುವವರಿದ್ದರು, ಆದ್ದರಿಂದ ಏಳನೆಯ ಪ್ರಶ್ನೆಗೆ ಹೌದು ಎಂದವರಿಗೆ ಮಾತ್ರ ಚೀಟಿ ಕಳಿಸಿದೆವು. ಕಾಕಾನಿಗೆ ಚೀಟಿ ಹೋಗಲಿಲ್ಲ.

ಇಲ್ಲಿ ನನ್ನ ತಲೆಯಲ್ಲಿ ಒಂದು ದೃಶ್ಯ ಇದೆ. ಜಮಖಂಡಿಯ ಕಾಲೇಜಿನ ವರಾಂಡ. ಕಾಕಾ ಬಾಟಲಿಗಳ ಟ್ರೇ ಹಿಡಿದು ಬರುತ್ತಿದ್ದಾರೆ. ನನ್ನನ್ನು ಕಂಡು ನಿಂತು, "ಅಕ್ಕಾರ, ಬಾಯಿ ನೋಡೂ ಡಾಕ್ಟರ ಚೀಟಿ ಎಲ್ಲಾರಿಗೂ ಬಂದೈತಂತ, ನನಗ ಇಲ್ಲೇನ್ರಿ?" ಎನ್ನುತ್ತಾರೆ. ನಾನು "ಅದು ಸೇದಾವ್ರಿಗೆ ಕಾಕಾ" ಎನ್ನುತ್ತೇನೆ. ಅವರು "ಹೌದಲ್ಲ. ನಾ ಸೇದೂದಿಲ್ಲ" ಎಂದು ನಕ್ಕು, ನಾಲಿಗೆಯಿಂದ ಒಳಗೆನ್ನೆಯನ್ನು ಒಮ್ಮೆ ಸವರಿಕೊಂಡು, ಮುಂದೆ ಹೋಗುತ್ತಾರೆ.

ಇದು ದಿನಚರಿಯಲ್ಲಿಲ್ಲ. ಆ ವಾರದ ಎಲ್ಲ ಪುಟಗಳನ್ನೂ ಹುಡುಕಿದೆ. ಚೀಟಿ ಅಚ್ಚು ಹಾಕಿಸಿದ್ದು, ಬೀಳಗಿಗೆ ಹೋದ ಬಸ್ಸು ಕೆಟ್ಟದ್ದು, ಕಾಲು ನೋವು, ಎಲ್ಲ ಇದೆ. ವರಾಂಡ ಇಲ್ಲ. ನಡೆದದ್ದನ್ನು ಬರೆಯಲು ನಾಚಿ ಬಿಟ್ಟೆನೇ? ಅಥವಾ ಅವರ ಕಾಯಿಲೆಯ ಸುದ್ದಿ ಬಂದ ಮೇಲೆ, ನನಗೆ ಶಿಕ್ಷೆಯಾಗಲೆಂದು ನನ್ನ ತಲೆಯೇ ಇದನ್ನು ಕಟ್ಟಿತೇ? ಗೊತ್ತಿಲ್ಲ. ಒಳಗೆನ್ನೆ ಸವರಿಕೊಂಡದ್ದಂತೂ ತೀರಾ ಅಚ್ಚುಕಟ್ಟಾಗಿದೆ, ಅದನ್ನು ನಾನು ನಂಬುವುದಿಲ್ಲ. ಆದರೂ ರಾತ್ರಿ ಹಗಲೆನ್ನದೆ ಅದೇ ಬರುತ್ತದೆ.

ಪ್ರಬಂಧ ಒಪ್ಪಿಸಿದ ಕೆಲವು ತಿಂಗಳ ನಂತರ ಜಮಖಂಡಿಯ ಕಾಲೇಜಿಗೆ ಬೇರೆ ಕೆಲಸಕ್ಕೆ ಫೋನ್ ಮಾಡಿದ್ದೆ. ಆಫೀಸಿನವರು ಮಾತಿನ ನಡುವೆ ಹೇಳಿದರು. ಕಾಕಾನ ಒಳಗೆನ್ನೆಯಲ್ಲಿ ಹುಣ್ಣಾಗಿತ್ತು. ಹಲ್ಲು ತಾಗಿರಬೇಕೆಂದು ಬಹಳ ದಿನ ಬಿಟ್ಟಿದ್ದರು. ಆಮೇಲೆ ಭಂಡಾರ ಹಚ್ಚಿದರು, ಆಮೇಲೆ ಬನಹಟ್ಟಿಯಲ್ಲಿ ತೋರಿಸಿದರು, ಅಲ್ಲಿಂದ ದೊಡ್ಡಾಸ್ಪತ್ರೆಗೆ ಹೋದರು. ಕೆನ್ನೆಯ ಒಳಭಾಗವನ್ನೂ ನಾಲಿಗೆಯ ಒಂದಿಷ್ಟನ್ನೂ ತೆಗೆದಿದ್ದಾರೆ. ಜೀವಕ್ಕೆ ತೊಂದರೆ ಇಲ್ಲ ಅನ್ನುತ್ತಾರೆ. ಮಾತು ಮಾತ್ರ ತಿಳಿಯುವುದಿಲ್ಲ.

ಅವತ್ತು ಫೋನ್ ಇಟ್ಟ ಮೇಲೆ ಚಿಮ್ಮಡದ ಪುಟವನ್ನು ಹುಡುಕಿ ತೆಗೆದೆ. ಕಾಕಾ ಇಲ್ಲ ಎಂದಿದ್ದರು ಎಂದು ಖಚಿತಪಡಿಸಿಕೊಳ್ಳಲಿಕ್ಕೆ. ಇದ್ದದ್ದನ್ನು ಇದ್ದಂತೆ ಇಲ್ಲಿ ಬರೆಯುತ್ತೇನೆ.

"ಚಿಮ್ಮಡ, ಕಾಕಾನ ಮನೆ. ನರ ಬೇಗ ಸಿಕ್ಕಿತು. ಏಳನೆಯದಕ್ಕೆ ಹೆಂಡತಿ ಇಲ್ಲ ಎಂದರು. ಕಾಕಾ 'ಅದನ್ನ ಜಮಖಂಡ್ಯಾಗ ಕೇಳ್ರಿ ಅಕ್ಕಾರ' ಅಂದು ನಕ್ಕರು. ನಾನೂ ನಕ್ಕೆ. ಇಲ್ಲ ಹಾಕಿದೆ. ಐವತ್ತು ದಾಟಿದ ಸೇದದ ಅಟೆಂಡರು ಒಬ್ಬರು ಕಡಿಮೆ ಇದ್ದರು, ಅದೂ ಇವತ್ತು ತುಂಬಿತು. ಶೇಂಗಾ ಹಿಂಡಿ ಬಹಳ ರುಚಿ."

ನನ್ನದೇ ಅಕ್ಷರ. ಕಾಕಾ ಇಲ್ಲ ಎಂದಿರಲೇ ಇಲ್ಲ. ದೇವರ ಮಾಡದ ಮುಂದೆ, ಭಂಡಾರ ಹಚ್ಚಿಕೊಂಡ ಹಣೆಯಲ್ಲಿ, ಅವರಿಗೆ ಹೌದು ಎನ್ನಲು ಬರುತ್ತಿರಲಿಲ್ಲ. ಇಲ್ಲ ಎಂದು ಸುಳ್ಳೂ ಹೇಳಲಿಲ್ಲ. ಎಲ್ಲಿ ಕೇಳಿದರೆ ಉತ್ತರ ಸಿಗುತ್ತದೆ ಎಂದು ವಿಳಾಸ ಕೊಟ್ಟರು. ಆ ವಿಳಾಸ ನನಗೆ ಹೊಸದೂ ಆಗಿರಲಿಲ್ಲ. ಬೇರೆ ಊರಿನಿಂದ ಬಂದ ಸಂಶೋಧಕಿಯಾಗಿದ್ದರೆ ಅರ್ಥವಾಗಲಿಲ್ಲ ಎನ್ನಬಹುದಿತ್ತು. ನಾನು ನಕ್ಕಿದ್ದೇನೆ ಎಂದರೆ ಅರ್ಥವಾಗಿತ್ತು. ಮಾರನೆಯ ದಿನ ಜಮಖಂಡಿಗೆ ಹೋಗಿ ಬೇವಿನ ಮರದ ಕೆಳಗೆ ಕೇಳಿದ್ದರೆ ಮುಗಿಯುತ್ತಿತ್ತು. ಕೇಳಿದರೆ ಹೌದು ಎನ್ನುತ್ತಿದ್ದರು, ನನ್ನ ಪಟ್ಟಿಯಲ್ಲಿ ಮತ್ತೆ ಒಬ್ಬರು ಕಡಿಮೆಯಾಗುತ್ತಿದ್ದರು. ಅದಕ್ಕೇ ಕೇಳಲಿಲ್ಲ.

ಆ ತಪಾಸಣೆಗೆ ಬಂದಿದ್ದ ದಂತವೈದ್ಯರಿಗೆ ಫೋನ್ ಮಾಡಿದೆ. ಅವತ್ತು ನೋಡಿದ್ದರೆ ತಿಳಿಯುತ್ತಿತ್ತೇ ಎಂದು ಕೇಳಿದೆ. "ತಿಳಿಯಬಹುದಿತ್ತು, ತಿಳಿಯದೆಯೂ ಇರಬಹುದಿತ್ತು. ಬಿಳಿ ಮಚ್ಚೆ ಇದ್ದಿದ್ದರೆ ಕಂಡಿರುತ್ತಿತ್ತು" ಎಂದರು. ಪೂರ್ತಿ ಇಲ್ಲ ಎಂದಿದ್ದರೆ ನಾನು ಅದನ್ನೇ ಹಿಡಿದುಕೊಂಡು ಬದುಕುತ್ತಿದ್ದೆ.

ಮುಂದಿನ ವಾರ ಚಿಮ್ಮಡಕ್ಕೆ ಹೋದೆ. ನನ್ನ ಚೀಲದಲ್ಲಿ ಒಂದು ಖಾಲಿ ಫಾರಂ ಇತ್ತು. ಹೇಳಬೇಕು ಎಂಬುದೊಂದೇ ತಲೆಯಲ್ಲಿತ್ತು. ನಾನು ತಪ್ಪು ಬರೆದೆ, ಅದರಿಂದ ನಿಮಗೆ ಚೀಟಿ ಬರಲಿಲ್ಲ ಎಂದು.

ಕಾಕಾ ಅದೇ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಮುಖದ ಒಂದು ಬದಿ ಒಳಗೆ ಹೋಗಿತ್ತು. ನನ್ನನ್ನು ನೋಡಿ ಏಳಲು ಹೋದರು. ಬೇಡವೆಂದು ಪಕ್ಕದಲ್ಲಿ ಕೂತೆ. ಅವರ ಹೆಂಡತಿ ಚಹಾ ತಂದರು. ತಂದಿಟ್ಟು, ದೇವರ ಮಾಡದ ಕಡೆ ನೋಡುತ್ತ, ನನಗೆ ಹೇಳಿದರೋ ಬೀರಪ್ಪನಿಗೆ ಹೇಳಿದರೋ ತಿಳಿಯಲಿಲ್ಲ.

"ಆಸ್ಪತ್ರ್ಯಾಗ ಎಲ್ಲಾರೂ ಬೀಡಿ ಬೀಡಿ ಅಂತ ಕೇಳಿದ್ರು, ತಂಗಿ. ನಾ ಹೇಳಿದೆ, ಭಂಡಾರ ಮುಟ್ಟಿದ ಮನಷ್ಯಾ, ಈ ಮನ್ಯಾಗ ಒಂದ ಬೀಡಿ ಹಚ್ಚಿಲ್ಲ ಅಂತ. ಯೂನಿವರ್ಸಿಟಿ ಕಾಗದದಾಗೂ ಬರದೈತಿ, ನಮ್ಮ ಅಕ್ಕಾರ ಬಂದು ಬರಕೊಂಡ ಹೋಗ್ಯಾರ ಅಂತ ಹೇಳಿದೆ. ಬರದೀರಲ್ಲ?"

"ಬರದೇನ್ರಿ" ಎಂದೆ.

ಹೇಳಬೇಕೆಂದು ಬಂದವಳು ಅಷ್ಟೇ ಹೇಳಿದೆ. ಕಾಕಾ ನನ್ನನ್ನೇ ನೋಡುತ್ತಿದ್ದರು. ಚಹಾದ ಬಟ್ಟಲಿನಲ್ಲಿ ಕೆನೆ ಕಟ್ಟಿತು.

ಅವತ್ತು ಜಮಖಂಡಿಯಲ್ಲಿ ಡಾಕ್ಟರಿಗೆ ಗಾಯ ತೋರಿಸುವ ದಿನವಾಗಿತ್ತು. ಆಟೋ ಹೇಳಿಟ್ಟಿದ್ದರು. ನಾನೂ ಜೊತೆಗೆ ಹೊರಟೆ. ಕಾಕಾ ನಡುವೆ, ನಾವಿಬ್ಬರು ಆ ಕಡೆ ಈ ಕಡೆ. ಕಬ್ಬಿನ ಹೊಲಗಳ ನಡುವಿನ ದಾರಿಯಲ್ಲಿ ಆಟೋ ಕುಲುಕುತ್ತ ಹೋಯಿತು. ಕಾಕಾ ಟವೆಲ್ಲಿನಿಂದ ಬಾಯಿಯ ಮೂಲೆಯನ್ನು ಒರೆಸಿಕೊಳ್ಳುತ್ತಿದ್ದರು. ಆಟೋ ಹಳ್ಳದ ಮೇಲಿನ ಸಣ್ಣ ಸೇತುವೆ ದಾಟಿತು. ಹಳ್ಳದಲ್ಲಿ ನೀರು ಇರಲಿಲ್ಲ, ಹುಲ್ಲಿತ್ತು.

ಅವರ ಹೆಂಡತಿ ಹೊರಗೆ ನೋಡುತ್ತಲೇ, "ಈಗ ಕೇಳ್ರಿ ತಂಗಿ" ಎಂದರು.

"ಏನ್ರಿ?"

"ಅವತ್ತ ಕೇಳಿದ್ದು. ಹಳ್ಳ ದಾಟಿತಲ್ಲ."

ಕಾಕಾ ಕುತ್ತಿಗೆ ತಿರುಗಿಸಿ ಹೆಂಡತಿಯನ್ನು ನೋಡಿದರು. ಅವರು ಅಷ್ಟು ಬೆರಗಾಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಏನ್ ನೋಡತಿ? ಅಂಗಿ ತೊಳ್ಯಾಕಿ ನಾನ ಅಲ್ಲೇನು?" ಎಂದು ಅವರಿಗೆ ಹೇಳಿ, ನನ್ನ ಕಡೆ ತಿರುಗಿ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು. "ಮನ್ಯಾಗ ಬೀರಪ್ಪನ ಮುಂದ ಕುಂತು ಕೇಳಿದ್ರ ನಾವ್ಯಾರರ ಏನ ಹೇಳಾವ್ರ ತಂಗಿ? ನೀವು ನಮ್ಮ ಕಡ್ಯಾವ್ರು. ಮರುದಿನಾ ಕಾಲೇಜಿನ್ಯಾಗ ಕೇಳತಾರ ಬಿಡು ಅಂತ ಅಂದಕೊಂಡಿದ್ದೆ."

ನನ್ನ ಮೇಲೆ ಇದುವರೆಗೆ ಯಾರಾದರೂ ಹೊರಿಸಿದ ಆರೋಪ ಇದೊಂದೇ. ಅದನ್ನೂ ಆರೋಪದ ಹಾಗೆ ಹೇಳಲಿಲ್ಲ.

ಕೇಳಲಿಲ್ಲ ಎಂದೆ. ಯಾಕೆ ಕೇಳಲಿಲ್ಲ ಎಂಬುದನ್ನೂ ಹೇಳಿದೆ. ಒಬ್ಬರು ಕಡಿಮೆ ಇದ್ದದ್ದು, ಚೀಟಿ ಬರದೆ ಹೋದದ್ದು, ಚುಕ್ಕೆ ಕೆಳಗೆ ಬಿದ್ದದ್ದು. ಎಷ್ಟು ತಿಳಿಯಿತೋ ಗೊತ್ತಿಲ್ಲ, ಆಟೋದ ಸದ್ದು ಬಹಳವಿತ್ತು. ಅವರ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡರು. ಕಾಕಾ ಕೈ ಚಾಚಿ ನನ್ನ ಚೀಲವನ್ನು ತಟ್ಟಿದರು. ಅದರಲ್ಲಿ ಫಾರಂ ಇದೆಯೆಂದು ಅವರಿಗೆ ಹೇಗೆ ಗೊತ್ತಾಯಿತೋ. ಬರೆದು ಹೇಳಲು ಪೆನ್ನು ಬೇಕಾಗಿತ್ತೋ ಏನೋ. ನಾನು ಫಾರಂ ತೆಗೆದೆ.

ಏಳನೆಯ ಪ್ರಶ್ನೆ ಓದಿದೆ. ಕಾಕಾ ಗೋಣು ಹಾಕಿದರು. ಹೌದು ಎಂಬಲ್ಲಿ ಗುರುತು ಹಾಕಿದೆ. ಆಮೇಲಿನ ಒಂಬತ್ತು ಪ್ರಶ್ನೆಗಳನ್ನೂ ಒಂದೊಂದಾಗಿ ಕೇಳಿದೆ. ದಿನಕ್ಕೆ ಎಷ್ಟು ಎಂದಾಗ ಒಂದು ಬೆರಳು ತೋರಿಸಿದರು, ಒಂದು ಕಟ್ಟು.

"ಒಂದಲ್ಲ ಎರಡ. ಖರೆ ಹೇಳು. ಇಲ್ಲೇನ್ ಭಂಡಾರ ಇಲ್ಲ" ಎಂದರು ಅವರ ಹೆಂಡತಿ.

ಕಾಕಾ ಇನ್ನೊಂದು ಬೆರಳನ್ನೂ ಎತ್ತಿದರು. ಉಳಿದಿದ್ದ ಅರ್ಧ ಮುಖದಲ್ಲಿ ನಕ್ಕರು. ಎಷ್ಟನೆಯ ವಯಸ್ಸಿನಿಂದ ಎಂದಾಗ ಕೈಯನ್ನು ಆಟೋದ ಸೀಟಿಗಿಂತ ಸ್ವಲ್ಪವೇ ಮೇಲೆ ಹಿಡಿದು ತೋರಿಸಿದರು, ಇಷ್ಟೆತ್ತರ ಇದ್ದಾಗಿನಿಂದ ಎಂದು. ಬಿಡಲು ಪ್ರಯತ್ನಿಸಿದ್ದೀರಾ ಎಂಬ ಪ್ರಶ್ನೆಗೆ ಬೆನ್ನ ಹಿಂದೆ, ಹಳ್ಳದ ಕಡೆಗೆ, ಕೈ ತೋರಿಸಿದರು. ಅದಕ್ಕೆ ನಮ್ಮ ಫಾರಂನಲ್ಲಿ ಚೌಕವಿರಲಿಲ್ಲ. ಅಂಚಿನಲ್ಲಿ ಬರೆದೆ, ಊರೊಳಗೆ ಬಿಟ್ಟಿದ್ದರು ಎಂದು.

ಜಮಖಂಡಿ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕೊನೆಯಲ್ಲಿ ಅವರೇ ಪೆನ್ನು ತೆಗೆದುಕೊಂಡು ಸಹಿ ಮಾಡಿದರು.

ಆ ಫಾರಂನ ಫೋಟೋವನ್ನು ಒಂದು ಪತ್ರದ ಜೊತೆ ಮಾರ್ಗದರ್ಶಕರಿಗೆ ಕಳಿಸಿದೆ. ನನ್ನ ಪಟ್ಟಿಯಲ್ಲಿ ಒಂದು ಹೆಸರು ತಪ್ಪು ಸಾಲಿನಲ್ಲಿದೆ, ತಪ್ಪು ನನ್ನದು ಎಂದು ಬರೆದಿದ್ದೆ. ಅವರು ಬೈಯಲಿಲ್ಲ. ಒಬ್ಬರಿಂದ ಸರಾಸರಿ ಅಲುಗಾಡುವುದಿಲ್ಲ, ತೀರ್ಮಾನವೂ ಬದಲಾಗುವುದಿಲ್ಲ, ಆದರೂ ಪತ್ರವನ್ನು ಪ್ರಬಂಧದ ಪ್ರತಿಯೊಂದಿಗೆ ಇಡಿಸುತ್ತೇನೆ ಎಂದರು. ಅವರು ಹೇಳಿದ್ದು ಸರಿ. ನಾನೇ ಲೆಕ್ಕ ಹಾಕಿ ನೋಡಿದೆ. ಆ ಚುಕ್ಕೆಯನ್ನು ಒಂದು ಸಾಲಿನಿಂದ ತೆಗೆದು ಇನ್ನೊಂದರಲ್ಲಿ ಇಟ್ಟಾಗ ಅದು ಅಲ್ಲಿ ತನ್ನ ಗುಂಪಿನಲ್ಲಿ ಸಹಜವಾಗಿ ಕೂತಿತು. ಮೊದಲೇ ಅಲ್ಲಿದ್ದರೆ ಯಾರೂ ಅದರ ಮೇಲೆ ಪೆನ್ನಿಡುತ್ತಿರಲಿಲ್ಲ.

ಮೂಲ ಫಾರಂ ನನ್ನ ದಿನಚರಿಯ ಚಿಮ್ಮಡದ ಪುಟದಲ್ಲೇ ಇದೆ. ನನ್ನ ನೆನಪು ಇನ್ನೊಮ್ಮೆ ನನ್ನ ಪರವಾಗಿ ಮಾತಾಡಲು ಹೊರಟರೆ ತೆಗೆದು ನೋಡಲು ಇಟ್ಟುಕೊಂಡಿದ್ದೇನೆ. ಅದರಲ್ಲಿ ಏಳನೆಯ ಪ್ರಶ್ನೆಗೆ ಹೌದು ಎಂದಿದೆ. ಕಾಕಾನ ಸಹಿ ಇದೆ, ಆಟೋ ಕುಲುಕಿದ್ದರಿಂದ ಸ್ವಲ್ಪ ಸೊಟ್ಟಗೆ. ಸ್ಥಳ ಎಂಬಲ್ಲಿ ಹಳ್ಳದ ಆಚೆ ಎಂದು ಬರೆದಿದ್ದೇನೆ. ದಿನಾಂಕ ಎರಡು ವರ್ಷ ತಡವಾದದ್ದು.